ಪ್ಲಗ್ಗಿನ ಮೂರನೆಯ ಕಾಲು

ಕಳೆದ ವರ್ಷ ರಾಜ್ಯೋತ್ಸವ ಮುಗಿದ ಮೇಲೆ ನಮ್ಮ ಸಂಘದ ಸಾಮಾನುಗಳನ್ನು ಎಣಿಸಿ ಪಟ್ಟಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ದೀಪದ ಕಂಬಗಳು, ಭುವನೇಶ್ವರಿಯ ಪಟ, ಹಳದಿ-ಕೆಂಪು ಬಾವುಟಗಳು, ಊಟದ ಹಾಲಿಗೆ ಹಾಸುವ ಕಾಗದದ ಸುರುಳಿಗಳು, ಕೊನೆಗೆ ಒಂದು ದೊಡ್ಡ ನೀಲಿ ಪ್ಲಾಸ್ಟಿಕ್ ಡಬ್ಬಿಯ ತುಂಬ ಕರೆಂಟಿನ ವೈರುಗಳು. ಬಾಡಿಗೆಗೆ ಹಾಲ್ ಕೊಡುವವರು ಈಗೀಗ ಒಂದೊಂದು ವೈರಿನ ಮೇಲೂ ಪರೀಕ್ಷೆ ಆದ ಚೀಟಿ ಇರಬೇಕೆಂದು ಕೇಳುತ್ತಾರೆ. ಹಾಗಾಗಿ ಒಂದೊಂದನ್ನೇ ತೆಗೆದು, ಸ್ಕ್ರೂ ಇರುವ ಪ್ಲಗ್ಗುಗಳನ್ನು ಬಿಚ್ಚಿ ನೋಡುತ್ತ ಕೂತೆ. ಹತ್ತೊಂಬತ್ತು ವೈರುಗಳಲ್ಲಿ ಏಳು ನಮ್ಮವರೇ ಯಾರೋ ಕೈಯಾರೆ ಕಟ್ಟಿದವು. ಅವುಗಳಲ್ಲಿ ಒಂದರ ಪ್ಲಗ್ಗು ಬಿಚ್ಚಿದಾಗ ಕಂದು ತಂತಿ ತನ್ನ ಜಾಗದಲ್ಲಿತ್ತು, ನೀಲಿ ತಂತಿ ತನ್ನ ಜಾಗದಲ್ಲಿತ್ತು. ಹಸಿರು-ಹಳದಿ ಪಟ್ಟೆಯ ತಂತಿಯನ್ನು ಮಾತ್ರ ಕತ್ತರಿಸಿ, ಹಿಂದಕ್ಕೆ ಮಡಚಿ, ಕಪ್ಪು ಟೇಪು ಸುತ್ತಿದ್ದರು. ಬಹಳ ಅಚ್ಚುಕಟ್ಟಾದ ಕೆಲಸ. ಮರೆತು ಆದದ್ದಲ್ಲ, ಬೇಕೆಂದೇ ಮಾಡಿದ್ದು.

ಆ ತಂತಿಯನ್ನು ನೋಡುತ್ತ ಕೂತಾಗ ಹುಟ್ಟಿದ ಪ್ರಶ್ನೆಗಳಿಂದ ಈ ಲೇಖನ ಬೆಳೆಯಿತು. ನಾವು ಬಂದು ನೆಲೆಸಿದ ಈ ಬ್ರಿಟನ್ನಿನಲ್ಲಿ ಸಾಮಾನ್ಯ ಜನ ತಮ್ಮ ವೈರುಗಳನ್ನು ತಾವೇ ಕಟ್ಟಿಕೊಳ್ಳುವ ರೂಢಿ ಹೇಗೆ ಬಂತು? ಆ ಪ್ಲಗ್ಗಿಗೆ ಇಷ್ಟು ದಪ್ಪ ದೇಹ, ಮೂರು ಚಪ್ಪಟೆ ಕಾಲು, ಹೊಟ್ಟೆಯೊಳಗೊಂದು ಫ್ಯೂಸು ಏಕೆ? ಊರಿನಿಂದ ಗ್ರೈಂಡರು, ಮಿಕ್ಸಿ ಹೊತ್ತು ತಂದ ನಾವು ಅದನ್ನು ಎಷ್ಟರಮಟ್ಟಿಗೆ ಅರ್ಥ ಮಾಡಿಕೊಂಡಿದ್ದೇವೆ?

ಮೊದಮೊದಲು ಇಲ್ಲಿನವರಿಗೆ ಭಯವಿದ್ದದ್ದು ಬೆಂಕಿಯದು. 1881ರಲ್ಲಿ ಗೊಡಾಲ್ಮಿಂಗ್ ಎಂಬ ಸಣ್ಣ ಊರಿನಲ್ಲಿ ಸಾರ್ವಜನಿಕರಿಗೆ ವಿದ್ಯುತ್ ಕೊಡುವ ಪ್ರಯತ್ನ ನಡೆಯಿತು. ಮರುವರ್ಷವೇ, 1882ರಲ್ಲಿ, ತಂತಿ ಎಂಜಿನಿಯರುಗಳ ಸಂಘವೊಂದು ಮನೆಗಳ ವಿದ್ಯುತ್ ಕೆಲಸಕ್ಕೆ ಮೊದಲ ನಿಯಮಾವಳಿ ಹೊರಡಿಸಿತು. ಅದರ ಶೀರ್ಷಿಕೆಯಲ್ಲೇ ವಿಷಯವಿದೆ: ವಿದ್ಯುದ್ದೀಪಗಳಿಂದ ಆಗುವ ಅಗ್ನಿ ಅನಾಹುತ ತಡೆಯುವ ನಿಯಮಗಳು. ಇಂದು ಇಲ್ಲಿನ ಎಲೆಕ್ಟ್ರಿಷಿಯನ್ನರು ಕೈಯಲ್ಲಿ ಹಿಡಿದು ಓಡಾಡುವ ದಪ್ಪ ನಿಯಮ ಪುಸ್ತಕ, ಬಿಎಸ್ 7671, ಆ ಪುಟ್ಟ ಪಟ್ಟಿಯ ಮರಿಮಗ. ಹತ್ತಿಬಟ್ಟೆ, ರೇಷ್ಮೆ, ಆಮೇಲೆ ಗಂಧಕ ಹಾಕಿ ಬೇಯಿಸಿದ ರಬ್ಬರು ಸುತ್ತಿದ ತಂತಿಗಳ ಕಾಲವದು. ಆ ರಬ್ಬರಿಗೆ ಎಂಜಿನಿಯರುಗಳ ಭಾಷೆಯಲ್ಲಿ 'ಇಂಡಿಯಾ ರಬ್ಬರ್' ಎಂದೇ ಹೆಸರು. ಮರ ದಕ್ಷಿಣ ಅಮೆರಿಕದ್ದು, ಹೆಸರು ಮಾತ್ರ ನಮ್ಮದು. ವರ್ಷಗಳು ಕಳೆದಂತೆ ಅದು ಒಣಗಿ, ಮುಟ್ಟಿದರೆ ಹಪ್ಪಳದಂತೆ ಉದುರುತ್ತದೆ. ಹಳೆಯ ಮನೆ ಕೊಂಡವರು ಅಟ್ಟ ಹತ್ತಿದಾಗ ಬಟ್ಟೆ ಸುತ್ತಿದ ವೈರು ಕಂಡರೆ ಮುಟ್ಟಬೇಡಿ ಎಂದು ಹೇಳುವುದು ಅದಕ್ಕೇ.

ವಿದ್ಯುತ್ತು ಮನೆಗೆ ಬಂದದ್ದು ದೀಪವಾಗಿ. ನಮ್ಮಲ್ಲೂ ಅಷ್ಟೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಹೋದದ್ದು ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿನ ಬೀದಿದೀಪಗಳು ಹೊತ್ತಿಕೊಂಡವು. ಅಡುಗೆಮನೆಯ ಯಂತ್ರಗಳ ಯೋಚನೆ ಆಗ ಯಾರಿಗೂ ಇರಲಿಲ್ಲ. ಬ್ರಿಟನ್ನಿನ ಮನೆಗಳಲ್ಲೂ ಸೂರಿನಿಂದ ನೇತಾಡುವ ಬಲ್ಬಿನ ಹೋಲ್ಡರೇ ಕರೆಂಟು ಸಿಗುವ ಏಕೈಕ ಜಾಗವಾಗಿತ್ತು. ಇಸ್ತ್ರಿಪೆಟ್ಟಿಗೆ ಬಂದಾಗ ಜನ ಏನು ಮಾಡಿದರು? ಬಲ್ಬು ತೆಗೆದು ಅದೇ ಹೋಲ್ಡರಿಗೆ ಇಸ್ತ್ರಿಯ ವೈರು ಸಿಕ್ಕಿಸಿದರು. ಒಂದು ಹೋಲ್ಡರನ್ನು ಎರಡಾಗಿಸುವ ಕವಲು ಹೋಲ್ಡರುಗಳು ಅಂಗಡಿಗೆ ಬಂದವು: ಒಂದು ಕವಲಿಗೆ ಬಲ್ಬು, ಇನ್ನೊಂದಕ್ಕೆ ಇಸ್ತ್ರಿ. ಗಣಪತಿ ಮಂಟಪದ ಸೀರಿಯಲ್ ಸೆಟ್ಟಿಗೆ ಪಡಸಾಲೆಯ ಬಲ್ಬಿನ ಹೋಲ್ಡರಿನಿಂದ ಕರೆಂಟು ಎಳೆದದ್ದನ್ನು ನೋಡಿ ಬೆಳೆದ ನನಗೆ, ಇಲ್ಲಿನ ಹಳೆಯ ಚಿತ್ರಗಳಲ್ಲಿ ಅದೇ ದೃಶ್ಯ ಕಂಡು ನಗು ಬಂತು. ಆ ಹೋಲ್ಡರಿನಲ್ಲಿ ಇರುವುದು ಎರಡೇ ತಂತಿ. ಮೂರನೆಯದಕ್ಕೆ, ಅಂದರೆ ಅರ್ತಿಗೆ, ಅಲ್ಲಿ ಜಾಗವೇ ಇಲ್ಲ. ಕಬ್ಬಿಣದ ಇಸ್ತ್ರಿಪೆಟ್ಟಿಗೆಯೊಳಗೆ ತಂತಿ ಸವೆದು ಮೈಗೆ ತಾಗಿದರೆ, ಆ ಕರೆಂಟು ಭೂಮಿಗೆ ಇಳಿಯುವ ದಾರಿ ಇಸ್ತ್ರಿ ಮಾಡುವವರ ದೇಹ ಮಾತ್ರ.

ಜನ ಹೀಗೆ ಮಾಡಿದ್ದು ಬರೀ ಅಜ್ಞಾನದಿಂದ ಎನ್ನುವಂತಿಲ್ಲ. ದೀಪದ ಕರೆಂಟಿಗೊಂದು ದರ, ಬಿಸಿ ಮಾಡುವ ಸಾಧನಗಳ ಕರೆಂಟಿಗೆ ಇನ್ನೊಂದು ದರ, ಅದಕ್ಕೆ ಬೇರೆ ಲೈನು, ಬೇರೆ ಮೀಟರು. ಬಡ ಮನೆಗಳಲ್ಲಿ ದೀಪದ ಲೈನು ಒಂದೇ ಇತ್ತು. ಇನ್ನು ಪ್ಲಗ್ಗುಗಳದ್ದು ದೊಡ್ಡ ಸಂತೆ. 1934ರ ಬಿಎಸ್ 546 ಎಂಬ ಮಾನಕದಲ್ಲೇ ದುಂಡು ಕಾಲಿನ ನಾಲ್ಕು ಗಾತ್ರಗಳಿದ್ದವು: 2, 5, 15 ಮತ್ತು 30 ಆಂಪಿಯರ್. ಈ ದುಂಡು ಕಾಲಿನ ಪ್ಲಗ್ಗನ್ನು ಓದುಗರು ಚೆನ್ನಾಗಿ ಬಲ್ಲಿರಿ. ಬ್ರಿಟನ್ ತನ್ನ ಮನೆಗಳಲ್ಲಿ ಕೈಬಿಟ್ಟ ಅದನ್ನು ಭಾರತ ಇಟ್ಟುಕೊಂಡಿತು. 5 ಆಂಪಿಯರಿನದು 6 ಆಯಿತು, 15ರದ್ದು 16 ಆಯಿತು, ಅಷ್ಟೆ. ನಮ್ಮ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ತಪ್ಪದೆ ಕೇಳುತ್ತಿದ್ದ ಪ್ರಶ್ನೆಯ ಉತ್ತರವೂ ಆ ಪ್ಲಗ್ಗಿನ ವಿನ್ಯಾಸದಲ್ಲೇ ಇದೆ. ಮೂರನೆಯ ಪಿನ್ ಉದ್ದ ಏಕೆ? ಒಳಗೆ ಹೋಗುವಾಗ ಅರ್ತ್ ಎಲ್ಲಕ್ಕಿಂತ ಮೊದಲು ಸೇರಲಿ, ಹೊರಗೆ ಬರುವಾಗ ಎಲ್ಲಕ್ಕಿಂತ ಕೊನೆಗೆ ಬಿಡಲಿ ಎಂದು. ದಪ್ಪ ಏಕೆ? ಫೇಸಿನ ತೂತಿಗೆ ಅದು ಹೋಗಲೇಬಾರದು ಎಂದು. ಎರಡು ಅಂಕದ ಆ ಪ್ರಶ್ನೆಗೆ ಉತ್ತರ ಬರೆದು ಮನೆಗೆ ಬಂದರೆ, ನಮ್ಮ ಗೋಡೆಯ ಸಾಕೆಟ್ಟಿನ ಆ ದಪ್ಪ ತೂತಿನ ಹಿಂದೆ ಯಾವ ತಂತಿಯೂ ಇರಲಿಲ್ಲ ಎಂಬುದು ಬೇರೆ ಮಾತು.

ಈ ಸಂತೆಗೆ ಕೊನೆ ಹಾಡಿದ್ದು ಯುದ್ಧ. 1942ರಲ್ಲಿ, ಬಾಂಬುಗಳು ಕೆಡವಿದ ಲಕ್ಷಗಟ್ಟಲೆ ಮನೆಗಳನ್ನು ಮುಂದೆ ಹೇಗೆ ಕಟ್ಟಬೇಕೆಂದು ಯೋಚಿಸಲು ಹಲವು ಸಮಿತಿಗಳಾದವು. ವಿದ್ಯುತ್ತಿನ ಸಮಿತಿಯಲ್ಲಿ ಇಪ್ಪತ್ತು ಜನ. ಅವರಲ್ಲಿ ಒಬ್ಬರೇ ಹೆಂಗಸು, ಕ್ಯಾರೊಲೈನ್ ಹ್ಯಾಸ್ಲೆಟ್. 1895ರಲ್ಲಿ ಹುಟ್ಟಿದ ಇವರು ಮೊದಲ ಮಹಾಯುದ್ಧದ ಕಾಲದಲ್ಲಿ ಬಾಯ್ಲರ್ ಕಂಪನಿಯೊಂದರಲ್ಲಿ ಕೆಲಸ ಕಲಿತವರು. 1919ರಲ್ಲಿ ಮಹಿಳಾ ಎಂಜಿನಿಯರುಗಳ ಸಂಘದ ಮೊದಲ ಕಾರ್ಯದರ್ಶಿಯಾದರು. 1924ರಲ್ಲಿ ಹುಟ್ಟಿದ ಮಹಿಳೆಯರ ವಿದ್ಯುತ್ ಸಂಘವನ್ನು ದಶಕಗಳ ಕಾಲ ನಡೆಸಿದರು. ಅಡುಗೆಮನೆಯ ಚಾಕರಿಯಿಂದ ಹೆಂಗಸರಿಗೆ ಬಿಡುಗಡೆ ಕೊಡುವ ಶಕ್ತಿ ವಿದ್ಯುತ್ತಿಗೆ ಇದೆ ಎಂದು ನಂಬಿದ್ದ ಅವರಿಗೆ, ಆ ವಿದ್ಯುತ್ತಿಗೆ ಹೆದರದೆ ಬಳಸುವಂತಾಗುವುದು ಅಷ್ಟೇ ಮುಖ್ಯವಾಗಿತ್ತು. ಸಮಿತಿಯ ವರದಿ 1944ರಲ್ಲಿ ಬಂತು. ಅದರ ಆಧಾರದ ಮೇಲೆ 1947ರಲ್ಲಿ ಬಿಎಸ್ 1363 ಎಂಬ ಮಾನಕ ಹೊರಬಂತು. ಇಂದು ನಮ್ಮ ಗೋಡೆಗಳಲ್ಲಿರುವ ಚಪ್ಪಟೆ ಕಾಲಿನ 13 ಆಂಪಿಯರ್ ಸಾಕೆಟ್ಟು ಅದೇ. ಮಗು ಕಡ್ಡಿ ತೂರಿಸಿದರೆ ಅಪಾಯವಾಗಬಾರದೆಂದು ಫೇಸ್, ನ್ಯೂಟ್ರಲ್ ತೂತುಗಳಿಗೆ ಒಳಗಿನಿಂದ ಬಾಗಿಲು. ಆ ಬಾಗಿಲ ಬೀಗದ ಕೈ ಉದ್ದನೆಯ ಅರ್ತ್ ಪಿನ್ನು. ಮೂರನೆಯ ಕಾಲು ಒಳಗೆ ಹೋಗದೆ ಉಳಿದೆರಡು ಹೋಗುವಂತಿಲ್ಲ. ಅದೇ 1947ರಲ್ಲಿ ಹ್ಯಾಸ್ಲೆಟ್ ಅವರಿಗೆ 'ಡೇಮ್' ಪದವಿ ಸಂದಿತು.

ಫ್ಯೂಸಿನ ಕಥೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ನಮ್ಮವರು ಎಡವುವುದು ಇಲ್ಲಿಯೇ. ಯುದ್ಧದಿಂದ ತಾಮ್ರಕ್ಕೆ ಬರ ಬಂದಿತ್ತು. ಒಂದೊಂದು ಸಾಕೆಟ್ಟಿಗೂ ಫ್ಯೂಸ್ ಬೋರ್ಡಿನಿಂದ ಪ್ರತ್ಯೇಕ ತಂತಿ ಎಳೆಯುವ ಬದಲು, ಒಂದೇ ತಂತಿ ಬೋರ್ಡಿನಿಂದ ಹೊರಟು ಮನೆಯ ಸಾಕೆಟ್ಟುಗಳನ್ನೆಲ್ಲ ಸುತ್ತಿ ಮತ್ತೆ ಬೋರ್ಡಿಗೇ ಬಂದು ಸೇರುವ 'ರಿಂಗ್' ಪದ್ಧತಿಯನ್ನು ಸಮಿತಿ ಸೂಚಿಸಿತು. ಪ್ರತಿ ಸಾಕೆಟ್ಟಿಗೂ ಕರೆಂಟು ಎರಡು ದಿಕ್ಕಿನಿಂದ ಬರುವುದರಿಂದ ತೆಳುವಾದ ತಂತಿಯೇ ಸಾಕು. ಇಡೀ ಉಂಗುರಕ್ಕೆ ಬೋರ್ಡಿನಲ್ಲಿ 30 ಆಂಪಿಯರಿನ ಒಂದು ಫ್ಯೂಸು. ಈಗ 32ರ ಬ್ರೇಕರು. ಒಂದು ಟೇಬಲ್ ಲ್ಯಾಂಪಿನ ವೈರು 3 ಆಂಪಿಯರಿಗೆ ಮಾಡಿದ್ದು ಎಂದುಕೊಳ್ಳಿ. ಅದರಲ್ಲಿ ದೋಷ ಬಂದು 20 ಆಂಪಿಯರ್ ಹರಿಯತೊಡಗಿದರೆ, 30ರ ಫ್ಯೂಸಿಗೆ ಅದು ಲೆಕ್ಕಕ್ಕೇ ಇಲ್ಲ. ಆ ತೆಳು ವೈರೇ ಫ್ಯೂಸಿನಂತೆ ಕಾದು ಕೆಂಪಾಗಿ ಪರದೆಗೆ ಬೆಂಕಿ ಹಚ್ಚುತ್ತದೆ. ಆದ್ದರಿಂದ ಪ್ಲಗ್ಗಿನ ಒಳಗೇ ಇನ್ನೊಂದು ಸಣ್ಣ ಫ್ಯೂಸು. ಅದು ಇರುವುದು ಯಂತ್ರವನ್ನು ಕಾಪಾಡಲು ಎಂದು ಬಹಳ ಜನ ತಿಳಿದಿದ್ದಾರೆ. ಅಲ್ಲ, ಅದು ಕಾಪಾಡುವುದು ವೈರನ್ನು. ಕೆಂಪು ಗುರುತಿನದು 3 ಆಂಪಿಯರ್, ಕಂದು ಗುರುತಿನದು 13. ವೈರಿನ ತಾಮ್ರ 0.75 ಚದರ ಮಿಲಿಮೀಟರ್ ಇದ್ದರೆ 6 ಆಂಪಿಯರ್, 1 ಇದ್ದರೆ 10, 1.25 ಇದ್ದರೆ 13 ಆಂಪಿಯರ್ ಹೊರಬಲ್ಲದು. ಫ್ಯೂಸು ಸುಟ್ಟಿತೆಂದು ಸಿಗರೇಟು ಪೊಟ್ಟಣದ ಬೆಳ್ಳಿ ಕಾಗದ ಸುತ್ತಿ ಸಿಕ್ಕಿಸುವ ಇಲ್ಲಿನ ಹಳೆಯ ಚಾಳಿಯೂ, ಫ್ಯೂಸ್ ಕಟ್ಟಲು ವೈರಿನಿಂದ ಕೈಗೆ ಸಿಕ್ಕಷ್ಟು ಎಳೆ ಕಿತ್ತು ಹೊಸೆಯುವ ನಮ್ಮೂರ ಚಾಳಿಯೂ ಒಂದೇ ಜಾತಿಯವು.

ಹೊಸ ಮಾನಕ ಬಂದೊಡನೆ ಎಲ್ಲರ ಮನೆಯೂ ಬದಲಾಗಲಿಲ್ಲ. ಒಂದು ಬೀದಿಯಲ್ಲಿ ಚಪ್ಪಟೆ ಕಾಲು, ಪಕ್ಕದ ಬೀದಿಯಲ್ಲಿ ದುಂಡು ಕಾಲು, ಇನ್ನು ಕೆಲವೆಡೆ ವೈಲೆಕ್ಸ್ ಅಥವಾ ಡಾರ್ಮನ್ ಅಂಡ್ ಸ್ಮಿತ್ ಕಂಪನಿಗಳ ಪ್ರತ್ಯೇಕ ನಮೂನೆಗಳು. ಈ ಎರಡನೆಯದರಲ್ಲಿ ಫೇಸಿನ ಕಾಲೇ ಫ್ಯೂಸು. ತಿರುಗಿಸಿ ಕೂರಿಸಿದ ಆ ಕಾಲು ತಾನಾಗಿ ಸಡಿಲಗೊಂಡು, ಪ್ಲಗ್ಗು ಎಳೆದಾಗ ಸಾಕೆಟ್ಟಿನಲ್ಲೇ ಉಳಿದುಬಿಡುತ್ತಿತ್ತಂತೆ! ಮನೆಯಲ್ಲಿ ಯಾವ ಸಾಕೆಟ್ಟಿದೆಯೋ ತಿಳಿಯದ ಕಾರಣ ಕಂಪನಿಗಳು ಪ್ಲಗ್ಗಿಲ್ಲದೆಯೇ ಸಾಮಾನು ಮಾರಿದವು. ಕೆಟಲ್ ಕೊಂಡರೆ ಜೊತೆಗೆ ಬರುತ್ತಿದ್ದುದು ತುದಿ ಬೋಳಾದ ಮೂರು ತಂತಿ. ಪ್ಲಗ್ಗನ್ನು ಬೇರೆ ಕೊಂಡು, ಅದರ ಕಾಲಿಗೆ ಸಿಕ್ಕಿಸಿರುತ್ತಿದ್ದ ರಟ್ಟಿನ ಚಿತ್ರ ನೋಡಿಕೊಂಡು ಮನೆಯವರೇ ಜೋಡಿಸಬೇಕು. ಸುಮಾರು ಅರ್ಧ ಶತಮಾನ ಈ ದೇಶ ಹೀಗೇ ನಡೆಯಿತು. ಶಾಲೆಯ ಭೌತಶಾಸ್ತ್ರದಲ್ಲಿ ಪ್ಲಗ್ಗು ಕಟ್ಟುವುದು ಪಾಠವಾಯಿತು. ಕೊನೆಗೆ 1994ರ ನಿಯಮಗಳು ಮನೆಬಳಕೆಯ ಸಾಮಾನಿಗೆ ಪ್ಲಗ್ಗು ಹಾಕಿಯೇ ಮಾರಬೇಕೆಂದು ಕಡ್ಡಾಯ ಮಾಡಿದವು.

ಕೈಯಾರೆ ಕಟ್ಟುವ ಈ ಕಾಲದ ದೊಡ್ಡ ಗಂಡಾಂತರ ಬಣ್ಣದ್ದು. ಬ್ರಿಟನ್ನಿನಲ್ಲಿ ಕೆಂಪು ಎಂದರೆ ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ತ್. ನಮ್ಮ ಊರಲ್ಲಿ ಗೋಡೆಯೊಳಗೆ ಇಂದಿಗೂ ಇದೇ ಸಂಪ್ರದಾಯ. ಆದರೆ ಜರ್ಮನಿಯ ಹಳೆಯ ಪದ್ಧತಿಯಲ್ಲಿ ಕೆಂಪು ಎಂದರೆ ಅರ್ತ್! ಜರ್ಮನಿಯಿಂದ ಬಂದ ಯಂತ್ರದ ಕೆಂಪು ತಂತಿಯನ್ನು ಇಲ್ಲಿನ ಗೃಹಸ್ಥ ತನಗೆ ತಿಳಿದ ಪ್ರಕಾರ ಫೇಸಿಗೆ ಜೋಡಿಸಿದರೆ, ಯಂತ್ರದ ಲೋಹದ ಮೈಗೆಲ್ಲ 240 ವೋಲ್ಟು. ಅವನು ಚಿತ್ರ ನೋಡಿಯೇ ಕಟ್ಟಿದ್ದಾನೆ, ತಪ್ಪು ಮಾಡಿಲ್ಲ. ಇದರ ಜೊತೆಗೆ ಕೆಂಪು-ಹಸಿರಿನ ವ್ಯತ್ಯಾಸ ಕಾಣದ ಬಣ್ಣಗುರುಡು ಇಲ್ಲಿನ ಗಂಡಸರಲ್ಲಿ ಸುಮಾರು ಹನ್ನೆರಡರಲ್ಲಿ ಒಬ್ಬರಿಗೆ ಇದೆ. ಅವರು ಗೊಂದಲ ಪಡುವುದು ಫೇಸ್ ಮತ್ತು ಅರ್ತಿನ ನಡುವೆಯೇ. ಯುರೋಪಿನ ದೇಶಗಳು ಕೂತು ಮಾತಾಡಿ ಕಂದು, ನೀಲಿ, ಹಸಿರು-ಹಳದಿ ಪಟ್ಟೆ ಎಂದು ಒಪ್ಪಿಕೊಂಡವು. ಪಟ್ಟೆ ಎಂಬುದು ಬಣ್ಣ ಕಾಣದವರಿಗೂ ಕಾಣುತ್ತದೆ. ಬ್ರಿಟನ್ನಿನಲ್ಲಿ 1969ರ ನಿಯಮದ ಮೂಲಕ ಯಂತ್ರಗಳ ವೈರಿಗೆ ಈ ಬಣ್ಣಗಳು ಬಂದವು. ಗೋಡೆಯೊಳಗಿನ ತಂತಿಗೆ ಅವು ಬರಲು 2004ರವರೆಗೆ ಕಾಯಬೇಕಾಯಿತು, ಕಡ್ಡಾಯವಾದದ್ದು 2006ರಲ್ಲಿ. ಹೀಗಾಗಿ ನಮ್ಮಲ್ಲಿ ಅನೇಕರ ಮನೆಯ ಗೋಡೆ ಕೆಂಪು-ಕಪ್ಪು ಭಾಷೆ ಆಡಿದರೆ, ವೈರು ಕಂದು-ನೀಲಿ ಭಾಷೆ ಆಡುತ್ತದೆ. ಅಮೆರಿಕದ ನೆಂಟರು ಬಂದು ಸಹಾಯ ಮಾಡುತ್ತೇನೆಂದರೆ ಇನ್ನೂ ಎಚ್ಚರ: ಅಲ್ಲಿ ಕಪ್ಪೇ ಫೇಸ್.

ಇಷ್ಟೆಲ್ಲ ಹೇಳಿದ್ದು ನಮ್ಮ ಗ್ರೈಂಡರಿನ ವಿಷಯಕ್ಕೆ ಬರಲು. ಎರಡೂ ದೇಶಗಳಲ್ಲಿ 230 ವೋಲ್ಟ್, 50 ಹರ್ಟ್ಸ್ ಇರುವುದರಿಂದ ಊರಿನ ಯಂತ್ರ ಇಲ್ಲಿ ಚೆನ್ನಾಗಿ ಓಡುತ್ತದೆ. ಅಮೆರಿಕದಲ್ಲಿರುವವರಿಗೆ ಈ ಭಾಗ್ಯವಿಲ್ಲ. ಊರಿನ ಪ್ಲಗ್ಗಿನಲ್ಲಿ ಫ್ಯೂಸಿಲ್ಲ ಎಂಬುದು ಮೊದಲು ನೆನಪಿಡಬೇಕಾದ್ದು. ಫ್ಯೂಸಿಲ್ಲದ ಅಡಾಪ್ಟರಿನಿಂದ ಅದನ್ನು ನೇರವಾಗಿ ಇಲ್ಲಿನ ಸಾಕೆಟ್ಟಿಗೆ ಸಿಕ್ಕಿಸಿದರೆ, ಆ ತೆಳು ವೈರಿನ ಹಿಂದೆ 32 ಆಂಪಿಯರಿನ ಬ್ರೇಕರು ಬಿಟ್ಟು ಕಾವಲಿಗೆ ಬೇರೆ ಯಾರೂ ಇರುವುದಿಲ್ಲ. ದುಂಡು ಪ್ಲಗ್ಗು ಕತ್ತರಿಸಿ ಇಲ್ಲಿನದನ್ನು ಹಾಕುವುದೇ ಸರಿ. 150 ವಾಟಿನ ಗ್ರೈಂಡರಿಗೆ ಬೇಕಾದ ಕರೆಂಟು ಒಂದು ಆಂಪಿಯರಿಗಿಂತ ಕಡಿಮೆ, 3ರ ಫ್ಯೂಸು ಸಾಕು. 750 ವಾಟಿನ ಮಿಕ್ಸಿ ಮೂರನ್ನು ದಾಟುವುದರಿಂದ 5ರದ್ದು ಬೇಕು. ಅಂಗಡಿಯಲ್ಲಿ ಪ್ಲಗ್ಗು ಕೊಂಡರೆ ಒಳಗಿರುವುದು ಸಾಮಾನ್ಯವಾಗಿ 13ರದ್ದು. ಅದನ್ನು ಹಾಗೇ ಬಿಡುವವರೇ ಹೆಚ್ಚು.

ಕಟ್ಟುವಾಗ ಹೊರಗಿನ ದಪ್ಪ ಹೊದಿಕೆಯೇ ಪ್ಲಗ್ಗಿನ ಪಟ್ಟಿಯ ಹಿಡಿತಕ್ಕೆ ಸಿಗಬೇಕು, ಒಳಗಿನ ಬಣ್ಣದ ತಂತಿಗಳಲ್ಲ. ಅರ್ತಿನ ತಂತಿಯನ್ನು ಉಳಿದೆರಡಕ್ಕಿಂತ ತುಸು ಉದ್ದ ಬಿಡಬೇಕು: ಯಾರೋ ಎಡವಿ ವೈರು ಜಗ್ಗಿದರೆ ಫೇಸ್ ಮೊದಲು ಕಿತ್ತುಬರಲಿ, ಅರ್ತ್ ಕೊನೆಗೆ. ಬಿಡಿ ಎಳೆಗಳನ್ನು ಹೊಸೆದು ಸ್ಕ್ರೂ ಅಡಿ ಸೇರಿಸಬೇಕೇ ಹೊರತು, ಗಟ್ಟಿಯಾಗಲೆಂದು ಸೀಸದ ಬೆಸುಗೆ ಹಾಕಬಾರದು. ಇದು ನನಗೂ ಬಹಳ ತಡವಾಗಿ ತಿಳಿಯಿತು. ಬೆಸುಗೆ ಮೃದು ಲೋಹ, ಸ್ಕ್ರೂವಿನ ಒತ್ತಡಕ್ಕೆ ನಿಧಾನವಾಗಿ ಹರಿದು ಜಾಗ ಬಿಡುತ್ತದೆ. ಜೋಡಣೆ ಸಡಿಲವಾಗಿ ಬಿಸಿಯಾಗುತ್ತದೆ. ಇನ್ನು ಪ್ಲಗ್ಗಿನ ಫೇಸ್, ನ್ಯೂಟ್ರಲ್ ಕಾಲುಗಳ ಬುಡಕ್ಕೆ ಕಪ್ಪು ಹೊದಿಕೆ ಇರಬೇಕೆಂಬ ನಿಯಮ 1984ರದು, ಅರ್ಧ ಹೊರಬಂದ ಪ್ಲಗ್ಗಿಗೆ ಮಕ್ಕಳ ಬೆರಳು ತಾಗದಿರಲೆಂದು. ಅರ್ತ್ ಕಾಲಿಗೂ ಅಂಥ ಹೊದಿಕೆ ಕಂಡರೆ ಅದು ನಕಲಿ ಮಾಲು, ಕಸಕ್ಕೆ ಹಾಕಿ.

ಈಗ ನೀಲಿ ಡಬ್ಬಿಯ ಆ ಕತ್ತರಿಸಿದ ತಂತಿಗೆ ಬರುತ್ತೇನೆ. ಅರ್ತನ್ನು ಯಾರಾದರೂ ಬೇಕೆಂದು ಏಕೆ ಕತ್ತರಿಸುತ್ತಾರೆ? ವೇದಿಕೆಯ ಮೇಲೆ ಕೆಲಸ ಮಾಡಿದವರಿಗೆ ಗೊತ್ತು. ಕೀಬೋರ್ಡಿಗೊಂದು ಸಾಕೆಟ್ಟು, ಹಾಲಿನ ಆ ತುದಿಯ ಆಂಪ್ಲಿಫಯರಿಗೆ ಇನ್ನೊಂದು, ಎರಡನ್ನೂ ಬೆಸೆಯುವ ಧ್ವನಿಯ ವೈರು ಮಧ್ಯೆ. ಎರಡು ಅರ್ತುಗಳು ಮತ್ತು ಧ್ವನಿವೈರಿನ ಹೊದಿಕೆ ಸೇರಿ ಒಂದು ಬಳೆಯಾಗುತ್ತದೆ. ಆ ಬಳೆಯಲ್ಲಿ ಹರಿಯುವ ಸಣ್ಣ ಕರೆಂಟು ಸ್ಪೀಕರಿನಲ್ಲಿ ಗುಂಯ್ ಎನ್ನುತ್ತದೆ. ಒಂದು ಕಡೆಯ ಅರ್ತ್ ಕತ್ತರಿಸಿದರೆ ಬಳೆ ಒಡೆಯುತ್ತದೆ, ಗುಂಯ್ ನಿಲ್ಲುತ್ತದೆ. ಪವಾಡದಂತೆ ಕೆಲಸ ಮಾಡುವುದರಿಂದಲೇ ಈ ಉಪಾಯ ಇಷ್ಟು ದಿನ ಬದುಕಿದೆ. 1972ರ ಮೇ 3ರಂದು ಸ್ವಾನ್ಸಿಯ ಟಾಪ್ ರ್‍ಯಾಂಕ್ ಸಭಾಂಗಣದಲ್ಲಿ 'ಸ್ಟೋನ್ ದ ಕ್ರೋಸ್' ತಂಡದ ಗಿಟಾರ್ ವಾದಕ ಲೆಸ್ ಹಾರ್ವಿ ಸರಿಯಾಗಿ ಅರ್ತ್ ಆಗದ ಮೈಕ್ರೊಫೋನ್ ಮುಟ್ಟಿ ಜನರೆದುರೇ ಸತ್ತರು. 1976ರ ಮೇ ತಿಂಗಳಲ್ಲಿ 'ಯಾರ್ಡ್‌ಬರ್ಡ್ಸ್' ತಂಡದ ಹಾಡುಗಾರರಾಗಿದ್ದ ಕೀತ್ ರೆಲ್ಫ್ ತಮ್ಮ ಮನೆಯಲ್ಲೇ, ಸರಿಯಾದ ಅರ್ತಿಲ್ಲದ ಗಿಟಾರು ನುಡಿಸುತ್ತ ಹೋದರು. ಈಗ ಹೊಸ ಬೋರ್ಡುಗಳಲ್ಲಿ 30 ಮಿಲಿಆಂಪಿಯರ್ ಸೋರಿದರೆ ಕತ್ತರಿಸುವ ಆರ್‌ಸಿಡಿ ಇರುತ್ತದೆ. ಮನೆಯ ಸಾಕೆಟ್ಟುಗಳಿಗೆಲ್ಲ ಅದು ವ್ಯಾಪಕವಾಗಿ ಬಂದದ್ದು 2008ರ ನಿಯಮಗಳಿಂದ. ನಾವು ಬಾಡಿಗೆಗೆ ಹಿಡಿಯುವ ಹಳೆಯ ಚರ್ಚ್ ಹಾಲುಗಳಲ್ಲಿ ಎಲ್ಲೆಲ್ಲಿ ಇದೆಯೋ, ಎಲ್ಲಿ ಇಲ್ಲವೋ, ನೋಡಿದವರು ಯಾರು?

ಕತ್ತರಿಸಿದ ವೈರಿನ ಇನ್ನೊಂದು ತುದಿಗೆ ಒಂದು ಬಿಳಿ ಚೀಟಿ ಅಂಟಿಸಿತ್ತು. ಅದರ ಮೇಲೆ 'ಮೈಕ್ ಆಂಪ್ – ಗುಂಯ್ ಇಲ್ಲ, ಯುಗಾದಿ 2011' ಎಂದು ಬರೆದಿತ್ತು. ಬರಹ ನನ್ನದೇ. ಗುರುತು ಹಿಡಿಯಲು ಎರಡನೆಯ ಸಲ ನೋಡಬೇಕಾಗಲಿಲ್ಲ. ಆ ಸಂಜೆ ಕಾರ್ಯಕ್ರಮ ಶುರುವಾಗಲು ಹತ್ತು ನಿಮಿಷವಿತ್ತು, ಅಧ್ಯಕ್ಷರು ಎರಡು ಸಲ ಬಂದು ಗಡಿಯಾರ ತೋರಿಸಿ ಹೋಗಿದ್ದರು. ಚಾಕು ತೆಗೆದು ಕತ್ತರಿಸಿದೆ, ಟೇಪು ಸುತ್ತಿದೆ, ಗುಂಯ್ ನಿಂತಿತು, ಎಲ್ಲರೂ ಬೆನ್ನು ತಟ್ಟಿದರು. ಪ್ರಾರ್ಥನೆ ಹಾಡಿದ್ದು ಎರಡನೆಯ ತರಗತಿಯ ಮಗು, ಬರಿಗಾಲಲ್ಲಿ ನಿಂತು, ಆ ಆಂಪ್ಲಿಫಯರಿಗೇ ಸೇರಿದ ಲೋಹದ ಮೈಕನ್ನು ಎರಡೂ ಕೈಯಲ್ಲಿ ಹಿಡಿದು. ಆಮೇಲೆ ಅದೇ ವೈರನ್ನು ಎಷ್ಟು ಕಾರ್ಯಕ್ರಮಗಳಲ್ಲಿ, ಯಾರ್‍ಯಾರು ಬಳಸಿದರೋ ಲೆಕ್ಕವಿಲ್ಲ. ಆಂಪ್ಲಿಫಯರಿನೊಳಗೆ ತಂತಿ ಸವೆಯಲಿಲ್ಲ, ಅಷ್ಟೆ.

ಗುಂಯ್ ನಿಲ್ಲಿಸಲು ಸರಿಯಾದ ದಾರಿಗಳು ಆಗಲೂ ಇದ್ದವು: ಎಲ್ಲ ಯಂತ್ರಗಳಿಗೂ ಒಂದೇ ಸಾಕೆಟ್ಟಿನಿಂದ ಕರೆಂಟು ಕೊಡುವುದು, ಅಥವಾ ಧ್ವನಿಯ ವೈರಿನ ನಡುವೆ ಪುಟ್ಟ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಪೆಟ್ಟಿಗೆ ಹಾಕುವುದು. ಬಳೆಯನ್ನು ಧ್ವನಿಯ ಕಡೆ ಒಡೆಯಬೇಕು, ಕರೆಂಟಿನ ಕಡೆಯಲ್ಲ. ಸಂಘಕ್ಕೆ ಅಂಥ ಎರಡು ಪೆಟ್ಟಿಗೆ ಕೊಂಡೆವು. ಕೈಯಾರೆ ಕಟ್ಟಿದ ಉಳಿದ ಆರು ವೈರುಗಳನ್ನು ಪರೀಕ್ಷೆ ಮಾಡುವವರ ಬಳಿ ಒಯ್ದೆ. ನಾಲ್ಕು ಪಾಸಾದವು. ಒಂದರಲ್ಲಿ ಹಿಡಿತದ ಪಟ್ಟಿ ಸಡಿಲವಿತ್ತು, ಬಿಗಿ ಮಾಡಿಸಿದೆ. ಇನ್ನೊಂದರಲ್ಲಿ 0.75ರ ವೈರಿಗೆ 13ರ ಫ್ಯೂಸಿತ್ತು, ತೆಗೆದು 3ರದ್ದು ಹಾಕಿದರು. ನನ್ನ ಯುಗಾದಿಯ ವೈರನ್ನು ಮತ್ತಾರೂ ಎತ್ತಿಕೊಳ್ಳದಂತೆ ಪ್ಲಗ್ಗು ಕಿತ್ತು, ನಡುವೆ ನಾಲ್ಕು ತುಂಡು ಮಾಡಿದೆ. ಪಟ್ಟಿಯಲ್ಲಿ ವೈರುಗಳ ಸಂಖ್ಯೆಯನ್ನು ಹದಿನೆಂಟು ಎಂದು ತಿದ್ದಿ ಕಾರ್ಯದರ್ಶಿಗಳಿಗೆ ಒಪ್ಪಿಸಿದ್ದೇನೆ.